ಕಾಡು ಮುಗಿದ ಮೇಲೆ ಕೊಕ್ಕೋ

2024ರ ಮಾರ್ಚ್ ಕೊನೆಯಲ್ಲಿ ನ್ಯೂಯಾರ್ಕ್ ಪೇಟೆಯಲ್ಲಿ ಒಂದು ಟನ್ ಕೊಕ್ಕೋ ಬೀಜದ ಬೆಲೆ 10,000 ಡಾಲರ್ ದಾಟಿತು. ಅದಕ್ಕೆ ಮುಂಚೆ ಎಷ್ಟೋ ವರ್ಷ ಅದು 2,500 ಡಾಲರಿನ ಹಿಂದೆ ಮುಂದೆಯೇ ಓಡಾಡಿಕೊಂಡಿತ್ತು. ಅದೇ ಡಿಸೆಂಬರಿನಲ್ಲಿ 12,000ವನ್ನೂ ದಾಟಿ ಹೋಯಿತು. ಆಮೇಲೆ ಇಳಿಯತೊಡಗಿತು. 2026ರ ಫೆಬ್ರುವರಿ ಹೊತ್ತಿಗೆ 4,000 ಡಾಲರಿಗಿಂತ ಕೆಳಗೆ ಬಂದಿತ್ತು.

ಪುತ್ತೂರು, ಸುಳ್ಯ, ಬೆಳ್ತಂಗಡಿ ಕಡೆ ಅಡಿಕೆ ಮರಗಳ ನಡುವೆ ಕೊಕ್ಕೋ ಇಟ್ಟುಕೊಂಡವರಿಗೆ ಇದು ನೆನಪಿರುತ್ತದೆ. 2024ರ ಬೇಸಿಗೆಯಲ್ಲಿ ಹಸಿ ಬೀಜದ ಧಾರಣೆ ಕೆಲವೇ ವಾರಗಳಲ್ಲಿ ಹಲವು ಪಟ್ಟು ಏರಿತ್ತು. ಅಳಿಲಿಗೂ ಮಂಗನಿಗೂ ಬಿಟ್ಟುಕೊಟ್ಟಿದ್ದ ಗಿಡಗಳ ಬುಡಕ್ಕೆ ಜನ ಮತ್ತೆ ಹೋಗಿ ನೋಡಿದರು. ಆದರೆ ನಮ್ಮದು ತೀರಾ ಚಿಕ್ಕ ಪಾಲು. ಇಡೀ ಭಾರತದ ಬೆಳೆ ವರ್ಷಕ್ಕೆ 30,000 ಟನ್ನಿನ ಆಸುಪಾಸು. ಜಗತ್ತಿನ ಬೆಳೆ ಸುಮಾರು 50 ಲಕ್ಷ ಟನ್. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಬರುವುದು ಪಶ್ಚಿಮ ಆಫ್ರಿಕಾದ ಎರಡೇ ದೇಶಗಳಿಂದ: ಐವರಿ ಕೋಸ್ಟ್ ಮತ್ತು ಘಾನಾ. ಅಲ್ಲಿ ಏನಾಯಿತೋ ಅದೇ ಪುತ್ತೂರಿನ ಧಾರಣೆಯಾಗಿ ನಮ್ಮ ಮನೆ ಬಾಗಿಲಿಗೆ ಬರುತ್ತದೆ.

ಹಾಗಾದರೆ ಅಲ್ಲಿನ ರೈತನಿಗೆ ಏನು ಸಿಕ್ಕಿತು? 2024ರ ಏಪ್ರಿಲಿನಲ್ಲಿ ಐವರಿ ಕೋಸ್ಟ್ ಸರಕಾರ ಗೊತ್ತುಮಾಡಿದ ಬೆಲೆ ಕಿಲೋಗೆ 1,500 ಸಿಎಫ್‌ಎ ಫ್ರಾಂಕ್. ಹೆಚ್ಚುಕಡಿಮೆ ಎರಡೂವರೆ ಡಾಲರ್. ಅಂದರೆ ಟನ್ನಿಗೆ 2,500 ಡಾಲರ್. ಪೇಟೆಯಲ್ಲಿ ಅದರ ನಾಲ್ಕು ಪಟ್ಟು ನಡೆಯುತ್ತಿತ್ತು. ಮುಂದೆ 2025ರ ಅಕ್ಟೋಬರಿನಲ್ಲಿ ರೈತನ ಬೆಲೆ 2,800 ಫ್ರಾಂಕಿಗೆ ಏರಿತು. ಆ ದೇಶದಲ್ಲಿ ಹಿಂದೆಂದೂ ಸಿಗದಷ್ಟು. ಆದರೆ ಅಷ್ಟರಲ್ಲಿ ಪೇಟೆ ಕುಸಿಯಿತು. ಆ ಬೆಲೆಗೆ ಬೀಜ ಕೊಳ್ಳುವವರೇ ಇಲ್ಲದೆ ಮೂಟೆಗಳು ಗೋದಾಮಿನಲ್ಲೂ ಹಳ್ಳಿಯ ಮನೆಗಳಲ್ಲೂ ಉಳಿದವು. ಬೆಲೆ ಏರಿದಾಗಲೂ ಸೋತ, ಇಳಿದಾಗಲೂ ಸೋತ. ಇದು ಯಾಕೆ ಹೀಗೆ ಎಂದು ಬಿಡಿಸಿ ನೋಡುವುದೇ ಈ ಲೇಖನದ ಕೆಲಸ.

ಸಾಮಾನ್ಯವಾಗಿ ಕೊಡುವ ಕಾರಣಗಳು ಗೊತ್ತಿರುವಂಥವು. 2023ರಲ್ಲಿ ಅತಿಮಳೆ. ಆಮೇಲೆ ಎಲ್ ನಿನೋ, ಬಿಸಿಲು. ರೋಗ. ಸರಕುಪೇಟೆಯ ಸಟ್ಟಾ ವ್ಯಾಪಾರ. ಎಲ್ಲವೂ ನಿಜ. ಅಂತರರಾಷ್ಟ್ರೀಯ ಕೊಕ್ಕೋ ಸಂಸ್ಥೆಯ ಲೆಕ್ಕದಲ್ಲಿ 2023-24ರ ಹಂಗಾಮಿನಲ್ಲಿ ಜಗತ್ತಿಗೆ ಬೇಕಾದ್ದಕ್ಕಿಂತ ಸುಮಾರು 5 ಲಕ್ಷ ಟನ್ ಬೀಜ ಕಡಿಮೆ ಬಿತ್ತು. ಆದರೆ ಇವೆಲ್ಲದರ ಕೆಳಗೆ ಇನ್ನೊಂದು ಕಾರಣ ಇದೆ. ನೂರು ವರ್ಷ ಕೊಕ್ಕೋ ಅಗ್ಗವಾಗಿ ಸಿಕ್ಕಿದ್ದು ಕಾಡಿನ ಲೆಕ್ಕದಲ್ಲಿ. ಆ ಕಾಡು ಈಗ ಮುಗಿದಿದೆ.

ಪಟ್ಟೆ ಪಟ್ಟೆ ನೆಲ

ಪಶ್ಚಿಮ ಆಫ್ರಿಕಾದ ನಕ್ಷೆ ಬಿಡಿಸಿ ನೋಡಿದರೆ ನೆಲ ಪಟ್ಟೆ ಸೀರೆಯ ಹಾಗೆ ಕಾಣುತ್ತದೆ. ತೆಂಕಣದಲ್ಲಿ ಕಡಲು, ಹಿನ್ನೀರು. ಅದರ ಮೇಲೆ ಮಳೆಕಾಡಿನ ಪಟ್ಟಿ. ಅದರ ಮೇಲೆ ಹುಲ್ಲುಗಾಡು. ಇನ್ನೂ ಬಡಗಕ್ಕೆ ಹೋದರೆ ಸಾಹೇಲ್ ಎಂಬ ಒಣನೆಲ, ಆಮೇಲೆ ಸಹಾರಾ. ಒಂದೊಂದು ಪಟ್ಟಿ ದಾಟಿದ ಹಾಗೂ ಮಳೆ ಕಡಿಮೆಯಾಗುತ್ತಾ ಹೋಗುತ್ತದೆ. ಬಡಗಿನವರು ಹತ್ತಿ, ಗೇರು, ಜೋಳ ಬೆಳೆಯುತ್ತಾರೆ, ದನ ಸಾಕುತ್ತಾರೆ. ಮಂಗಳೂರಿನ ಗೇರುಬೀಜದ ಕಾರ್ಖಾನೆಗಳಿಗೆ ಹಡಗಿನಲ್ಲಿ ಬರುವ ಕಚ್ಚಾ ಬೀಜದಲ್ಲಿ ದೊಡ್ಡ ಪಾಲು ಈ ಭಾಗದ್ದೇ. ತೆಂಕಣದ ಮಳೆಕಾಡಿನ ಪಟ್ಟಿ ಮಾತ್ರ ಕೊಕ್ಕೋದ್ದು.

ಕೊಕ್ಕೋ ಮಳೆ ಬೇಡುವ ಗಿಡ, ನೆರಳು ಬೇಡುವ ಗಿಡ. ಅದರ ಮೂಲ ಊರು ಅಮೆಜಾನ್ ಕಾಡು. ದೊಡ್ಡ ಮರಗಳ ಅಡಿಯಲ್ಲಿ ಬೆಳೆದು ಬಂದದ್ದು. ಹಲಸಿನ ಹಾಗೆ ಕಾಂಡಕ್ಕೇ ಕಾಯಿ ಕಚ್ಚುತ್ತದೆ. ಒಂದು ಕಾಯಿಯೊಳಗೆ 30-40 ಬೀಜ. ಸುತ್ತ ಬಿಳಿ ತಿರುಳು, ಸೀತಾಫಲದ ಹಾಗೆ ಬೀಜಕ್ಕೆ ಅಂಟಿಕೊಂಡಿರುತ್ತದೆ, ಹುಳಿ ಸಿಹಿ ರುಚಿ. ಘಾನಾದ ಹಳ್ಳಿಯಲ್ಲಿ ಕಾಯಿ ಒಡೆಯುವ ದಿನ ಮನೆಮಂದಿಯೆಲ್ಲ ಮರದಡಿ ಕೂರುತ್ತಾರೆ. ಕತ್ತಿಯಿಂದ ಒಡೆದರೆ ಬೀಜಕ್ಕೆ ಗಾಯವಾಗುತ್ತದೆ ಎಂದು ಕೆಲವರು ಮರದ ಕೊರಡಿನಿಂದ ಗುದ್ದುತ್ತಾರೆ. ಬೀಜವನ್ನು ಬಾಳೆ ಎಲೆಯ ಮೇಲೆ ರಾಶಿ ಹಾಕಿ, ಮೇಲೂ ಬಾಳೆ ಎಲೆ ಮುಚ್ಚಿ ಐದಾರು ದಿನ ಬಿಡುತ್ತಾರೆ. ರಾಶಿ ಬಿಸಿಯಾಗುತ್ತದೆ, ತಿರುಳು ಕರಗಿ ಹರಿಯುತ್ತದೆ, ವಿನೆಗರ್ ವಾಸನೆ ಬರುತ್ತದೆ. ಚಾಕೊಲೇಟಿನ ಪರಿಮಳ ಹುಟ್ಟುವುದು ಆ ಬಾಳೆ ಎಲೆಯ ಅಡಿಯಲ್ಲೇ. ಆಮೇಲೆ ಬಿದಿರಿನ ಚಾಪೆಯ ಮೇಲೆ ವಾರಗಟ್ಟಲೆ ಒಣಗಿಸಿ, ದಿನಕ್ಕೆ ಹಲವು ಸಲ ಕೈಯಾಡಿಸಿ, ಕೊಳೆತದ್ದನ್ನು ಹೆಕ್ಕಿ ಬಿಸಾಡಿ, ಗೋಣಿಗೆ ತುಂಬಬೇಕು. ಮೂರು ಕಿಲೋ ಹಸಿ ಬೀಜ ಒಣಗಿದರೆ ಸುಮಾರು ಒಂದು ಕಿಲೋ.

ಈ ಗಿಡಕ್ಕೆ ತುಂಬ ಇಷ್ಟದ ಮಣ್ಣು ಯಾವುದು ಗೊತ್ತಾ? ಆಗತಾನೇ ಕಡಿದ ಕಾಡಿನ ಮಣ್ಣು. ನೂರಾರು ವರ್ಷದ ತರಗೆಲೆ ಕೊಳೆತ ಕಸುವು ಅದರಲ್ಲಿರುತ್ತದೆ. ಕಳೆ ಕಡಿಮೆ, ರೋಗ ಕಡಿಮೆ, ತೇವ ಜಾಸ್ತಿ. ಗೊಬ್ಬರಕ್ಕೆ ಒಂದು ಪೈಸೆ ಖರ್ಚಿಲ್ಲ. ನಮ್ಮ ಕಡೆ ಕುಮರಿ ಕಡಿದ ವರ್ಷ ಫಸಲು ಹೇಗೆ ಬರುತ್ತಿತ್ತೆಂದು ಹಿರಿಯರು ಹೇಳುತ್ತಾರಲ್ಲ, ಅದೇ ಲೆಕ್ಕ. ಆದರೆ 25-30 ವರ್ಷಕ್ಕೆ ಆ ಕಸುವು ಮುಗಿಯುತ್ತದೆ. ಮರ ಮುದಿಯಾಗುತ್ತದೆ, ಕೀಟ ಬರುತ್ತದೆ. ಅದೇ ಜಾಗದಲ್ಲಿ ಮತ್ತೆ ನೆಡುವುದಕ್ಕಿಂತ ಇನ್ನೊಂದು ಕಾಡು ಕಡಿದು ನೆಡುವುದೇ ಅಗ್ಗ. ಹೀಗಾಗಿ ಕೊಕ್ಕೋ ಒಂದೆಡೆ ನಿಲ್ಲಲಿಲ್ಲ, ನಡೆಯುತ್ತಾ ಹೋಯಿತು. ಐವರಿ ಕೋಸ್ಟಿನಲ್ಲಿ ಅದು ಮೂಡಣದ ಅಬೆಂಗೂರು, ದಿಂಬೊಕ್ರೊ ಕಡೆಯಿಂದ ಹೊರಟು ದಾಲೋವಾ, ಸೂಬ್ರೆ ದಾಟಿ ಪಡುವಣದ ಸ್ಯಾನ್ ಪೆದ್ರೊ ಬಂದರಿನ ತನಕ ಬಂತು. ಹಿಂದೆ ಬಿಟ್ಟ ಜಾಗಗಳಲ್ಲಿ ಇವತ್ತು ರಬ್ಬರ್ ಇದೆ, ಗೇರು ಇದೆ.

1960ರಲ್ಲಿ ದೇಶ ಸ್ವತಂತ್ರವಾದ ಮೇಲೆ ಐವರಿ ಕೋಸ್ಟ್ ತನ್ನ ಕಾಡಿನಲ್ಲಿ ಶೇ. 80ಕ್ಕೂ ಜಾಸ್ತಿ ಕಳೆದುಕೊಂಡಿದೆ. ಉಳಿದ ದೊಡ್ಡ ಮಳೆಕಾಡು ಅಂದರೆ ಲೈಬೀರಿಯಾ ಗಡಿ ಹತ್ತಿರದ ತಾಯಿ ರಾಷ್ಟ್ರೀಯ ಉದ್ಯಾನ. ಪೇಟೆಯ ಬೆಲೆಯಲ್ಲಿ ಈ ಕಾಡಿನ ಬೆಲೆ ಯಾವತ್ತೂ ಸೇರಿರಲಿಲ್ಲ.

ಬಾಸೆಲ್ ಮಿಶನ್, ಒಬ್ಬ ಕಮ್ಮಾರ, ಒಂದು ಬೆಳೆ

ಈ ಬೆಳೆ ಅಲ್ಲಿಗೆ ಬಂದ ಕಥೆಯಲ್ಲಿ ಮಂಗಳೂರಿನವರಿಗೆ ಪರಿಚಯದ ಒಂದು ಹೆಸರಿದೆ. 1834ರಲ್ಲಿ ಮಂಗಳೂರಿಗೆ ಬಂದು, 1843ರಲ್ಲಿ 'ಮಂಗಳೂರ ಸಮಾಚಾರ' ಶುರುಮಾಡಿ, ಮುಂದೆ ಹೆಂಚಿನ ಕಾರ್ಖಾನೆ ಕಟ್ಟಿದ ಬಾಸೆಲ್ ಮಿಶನ್ ಅದಕ್ಕೂ ಮುಂಚೆಯೇ, 1828ರಲ್ಲಿ, ಗೋಲ್ಡ್ ಕೋಸ್ಟಿಗೆ ಹೋಗಿತ್ತು. ಇವತ್ತಿನ ಘಾನಾವೇ ಅಂದಿನ ಗೋಲ್ಡ್ ಕೋಸ್ಟ್. 1850ರ ದಶಕದಲ್ಲಿ ಮಿಶನಿನವರು ಅಕ್ರೊಪಾಂಗ್ ಎಂಬಲ್ಲಿ ಕೊಕ್ಕೋ ನೆಟ್ಟು ನೋಡಿದರು. ಅದು ಹೆಚ್ಚು ಹಿಡಿಯಲಿಲ್ಲ. ಅವರ ಕಾರ್ಯಾಗಾರದಲ್ಲಿ ಕಮ್ಮಾರಿಕೆ ಕಲಿತ ತೆತ್ತೆ ಕ್ವಾರ್ಶಿ ಎಂಬವರು ಫರ್ನಾಂಡೊ ಪೊ ದ್ವೀಪಕ್ಕೆ ದುಡಿಯಲು ಹೋಗಿ, 1879ರಲ್ಲಿ ಬೀಜ ತಂದು ಮಾಂಪಾಂಗಿನಲ್ಲಿ ನೆಟ್ಟರು. ಅದು ಹಿಡಿಯಿತು. 1911ರ ಹೊತ್ತಿಗೆ ಗೋಲ್ಡ್ ಕೋಸ್ಟ್ ಜಗತ್ತಿನಲ್ಲೇ ಅತಿ ಹೆಚ್ಚು ಕೊಕ್ಕೋ ಬೆಳೆಯುವ ನಾಡು. ಮೂವತ್ತೆರಡೇ ವರ್ಷ!

ಇದು ಎಸ್ಟೇಟ್ ಬೆಳೆ ಆಗಿರಲಿಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಕೊಡಗಿನ ಕಾಫಿಯ ಹಾಗೆ ಬಿಳಿಯ ದೊರೆಗಳು ನಿಂತು ಮಾಡಿಸಿದ್ದಲ್ಲ. ಅಲ್ಲಿನ ರೈತರೇ ದುಡ್ಡು ಕೂಡಿಸಿ, ದೂರದ ಕಾಡು ಕೊಂಡು, ಕಡಿದು ನೆಟ್ಟದ್ದು. ಇಂದಿಗೂ ಎರಡರಿಂದ ಐದು ಹೆಕ್ಟೇರಿನ ಸಣ್ಣ ತೋಟಗಳೇ ಜಾಸ್ತಿ. ಘಾನಾದ ರಾಷ್ಟ್ರಲಾಂಛನದಲ್ಲಿ ಕೊಕ್ಕೋ ಮರ ಇದೆ. ರೈತರ ಬೀಜದ ಹಣದಿಂದ ಕೂಡಿದ ನಿಧಿಯಲ್ಲಿ 1951ರಿಂದ ಮಕ್ಕಳಿಗೆ ವಿದ್ಯಾರ್ಥಿವೇತನ ಕೊಡುತ್ತಾ ಬಂದಿದ್ದಾರೆ.

ಬೆಳೆ ಮನೆಯೊಳಗಿನ ಸಂಬಂಧಗಳನ್ನೂ ಅಲ್ಲಾಡಿಸಿತು. ಘಾನಾದ ಅಕಾನ್ ಜನರಲ್ಲಿ ವಂಶ ತಾಯಿಯ ಕಡೆಯಿಂದ. ಗಂಡಸಿನ ಆಸ್ತಿ ಅವನ ಮಕ್ಕಳಿಗೆ ಹೋಗುತ್ತಿರಲಿಲ್ಲ, ತಮ್ಮನಿಗೆ ಅಥವಾ ಅಕ್ಕತಂಗಿಯರ ಮಕ್ಕಳಿಗೆ ಹೋಗುತ್ತಿತ್ತು. ತುಳುನಾಡಿನವರಿಗೆ ವಿವರಿಸಿ ಹೇಳಬೇಕಿಲ್ಲ, ಅಳಿಯಕಟ್ಟು. ಕೆಸುವು, ಗೆಣಸು ಬೆಳೆಯುವ ಕಾಲಕ್ಕೆ ಇದರಿಂದ ತೊಂದರೆ ಇರಲಿಲ್ಲ. ಕೊಕ್ಕೋ ಹಾಗಲ್ಲ. ಹೆಂಡತಿ ಮಕ್ಕಳು ಇಪ್ಪತ್ತು ವರ್ಷ ಕಳೆ ಕಿತ್ತು, ಕಾಯಿ ಹೊತ್ತು ಬೆಳೆಸಿದ ತೋಟ, ಯಜಮಾನ ಸತ್ತ ದಿನವೇ ಬೇರೆ ಮನೆಯವರದ್ದಾಗಿ ಬಿಡುತ್ತಿತ್ತು. ಎಷ್ಟು ಹೆಂಗಸರು ಬರಿಗೈಯಲ್ಲಿ ಹೊರಗೆ ನಿಂತಿರಬಹುದು, ಯೋಚಿಸಿ. 1985ರಲ್ಲಿ ಘಾನಾ ಸರಕಾರ ಕಾನೂನು ತಂದು ಹೆಂಡತಿ ಮಕ್ಕಳಿಗೂ ಪಾಲು ಕೊಟ್ಟಿತು.

ದುಡಿಮೆಗೂ ಅಲ್ಲಿ ತನ್ನದೇ ಕಟ್ಟುಪಾಡು ಇದೆ. 'ಅಬುಸಾ' ಅಂದರೆ ಫಸಲನ್ನು ಮೂರು ಪಾಲು ಮಾಡುವ ಗೇಣಿ. 'ಅಬುನು' ಅಂದರೆ ಎರಡು ಪಾಲು. ಭೂಮಿ ಒಬ್ಬನದ್ದು, ಬೆವರು ಇನ್ನೊಬ್ಬನದ್ದು.

ಬೆವರು ಹೆಚ್ಚಾಗಿ ಬಂದದ್ದು ಬಡಗಿನ ಒಣನೆಲದಿಂದ. ಫ್ರೆಂಚರು 1932ರಲ್ಲಿ ಅಪ್ಪರ್ ವೋಲ್ಟಾವನ್ನು, ಅಂದರೆ ಇವತ್ತಿನ ಬುರ್ಕಿನಾ ಫಾಸೊವನ್ನು, ಒಡೆದು ದೊಡ್ಡ ಭಾಗವನ್ನು ಐವರಿ ಕೋಸ್ಟಿಗೇ ಸೇರಿಸಿಬಿಟ್ಟಿದ್ದರು. ತೋಟಗಳಿಗೆ ಆಳು ಸಿಗಲಿ ಎಂಬುದೇ ಮುಖ್ಯ ಉದ್ದೇಶ. 1947ರ ತನಕ ಹಾಗೇ ಇತ್ತು. ಅಬಿಜಾನಿನಿಂದ ಹೊರಟ ರೈಲುದಾರಿ 1954ರಲ್ಲಿ ಊಗಡೂಗು ಮುಟ್ಟಿತು. ಐವರಿ ಕೋಸ್ಟಿನ ಮೊದಲ ಅಧ್ಯಕ್ಷ ಊಫ್ವೆ-ಬ್ವಾನ್ಯಿ ಸ್ವತಃ ಕೊಕ್ಕೋ ಬೆಳೆಗಾರ. ಭೂಮಿಯನ್ನು ಯಾರು ಹಸನು ಮಾಡುತ್ತಾರೋ ಅದು ಅವರದ್ದು ಎಂದು ಆತ ಸಾರಿದರು. ಬಡಗಿನವರು, ಬುರ್ಕಿನಾದವರು, ಮಾಲಿಯವರು ಲಕ್ಷಗಟ್ಟಲೆ ಬಂದು ಪಡುವಣದ ಕಾಡಿಗೆ ಇಳಿದರು. ಅಲ್ಲಿನ ಮೂಲದವರು ಮೊದಲು ಜಾಗ ಬಿಟ್ಟುಕೊಟ್ಟರು. 1977-78ರ ಹೊತ್ತಿಗೆ ಐವರಿ ಕೋಸ್ಟ್ ಘಾನಾವನ್ನೂ ಹಿಂದೆ ಹಾಕಿತು. ಕಾಡು ಇರುವ ತನಕ ಎಲ್ಲರಿಗೂ ಜಾಗ ಇತ್ತು. ಕಾಡು ತೀರುತ್ತಾ ಬಂದಾಗ ಊರವರ ಮಕ್ಕಳು ಪಟ್ಟಣದಿಂದ ಕೆಲಸ ಸಿಗದೆ ಮರಳಿ ಬಂದು, ನಮ್ಮ ಭೂಮಿ ಎಲ್ಲಿ ಎಂದು ಕೇಳಿದರು. 1998ರ ಕಾನೂನು ಭೂಮಿಯ ಒಡೆತನವನ್ನು ಐವರಿ ಕೋಸ್ಟಿನ ಪ್ರಜೆಗಳಿಗೆ ಮಾತ್ರ ಸೀಮಿತ ಮಾಡಿತು. ನಿಜವಾದ ಐವರಿಯನ್ ಯಾರು ಎಂಬ ಜಗಳವನ್ನು ರಾಜಕಾರಣಿಗಳು ಊದಿ ಉರಿಸಿದರು. 2002ರಲ್ಲಿ ಶುರುವಾದ ಯುದ್ಧ, 2010-11ರಲ್ಲಿ ಸುಮಾರು 3,000 ಜನ ಸತ್ತ ಹಿಂಸೆ, ಇವಕ್ಕೆ ಬೇರೆ ಕಾರಣಗಳೂ ಇವೆ. ಆದರೆ ಹಳ್ಳಿಗಳಲ್ಲಿ ಅದು ಕೊಕ್ಕೋ ಭೂಮಿಯ ಜಗಳವೇ ಆಗಿತ್ತು.

ಬೆಲೆ ಯಾರು ಕಟ್ಟುತ್ತಾರೆ?

1937ರಲ್ಲಿ ಗೋಲ್ಡ್ ಕೋಸ್ಟಿನ ಯುರೋಪಿಯನ್ ಕಂಪನಿಗಳು ಒಟ್ಟಾಗಿ, ಇಷ್ಟೇ ಬೆಲೆ ಕೊಡೋಣ ಎಂದು ಒಳಗೊಳಗೇ ಒಪ್ಪಂದ ಮಾಡಿಕೊಂಡವು. ರೈತರಿಗೂ ಊರಿನ ಮುಖ್ಯಸ್ಥರಿಗೂ ಇದು ತಿಳಿಯಿತು. ಅಕ್ಟೋಬರಿನಿಂದ ಮರುವರ್ಷದ ಏಪ್ರಿಲಿನ ತನಕ ಅವರು ಬೀಜ ಮಾರಲೇ ಇಲ್ಲ. ಕಂಪನಿಗಳ ಬಟ್ಟೆ, ಸಾಮಾನು ಕೊಳ್ಳುವುದನ್ನೂ ನಿಲ್ಲಿಸಿದರು. ಸಣ್ಣ ರೈತರು ಏಳು ತಿಂಗಳು ಬೀಜ ತಡೆಹಿಡಿದು ನಿಂತದ್ದು ಸುಮ್ನೆ ಮಾತಲ್ಲ. ಆ ಹೋರಾಟದ ಬಿಸಿಯಲ್ಲೇ ಸರಕಾರಿ ಖರೀದಿಯ ಪದ್ಧತಿ ಮೊಳೆಯಿತು. 1947ರಲ್ಲಿ ಕೊಕ್ಕೋ ಮಾರಾಟ ಮಂಡಳಿ ಬಂತು. ಅದರ ಇವತ್ತಿನ ಹೆಸರು ಕೊಕೊಬಾಡ್.

ಪದ್ಧತಿ ಹೀಗಿದೆ. ಸರಕಾರ ಹಂಗಾಮಿಗೆ ಮುಂಚೆಯೇ ದೊಡ್ಡ ಭಾಗವನ್ನು ಜಗತ್ತಿನ ಕಂಪನಿಗಳಿಗೆ ಮುಂಗಡವಾಗಿ ಮಾರಿಬಿಡುತ್ತದೆ. ಆ ಮಾರಾಟದ ಸರಾಸರಿ ನೋಡಿ ಇಡೀ ಹಂಗಾಮಿಗೆ ರೈತನ ಬೆಲೆ ಗೊತ್ತುಮಾಡುತ್ತದೆ. ನಡುವೆ ಪೇಟೆ ಕುಸಿದರೂ ರೈತನಿಗೆ ಅದೇ ಬೆಲೆ. ಐವರಿ ಕೋಸ್ಟ್ ಈ ಬಗೆಯ ಹಳೆಯ ಸಂಸ್ಥೆಯನ್ನು 1999ರಲ್ಲಿ ಮುಚ್ಚಿ, ಕೈಸುಟ್ಟುಕೊಂಡು, 2012ರ ಸುಮಾರಿಗೆ ಮತ್ತೆ ಇಂಥದ್ದೇ ವ್ಯವಸ್ಥೆಗೆ ಮರಳಿತು. ನನ್ನ ಮಟ್ಟಿಗೆ ಈ ಪದ್ಧತಿ ಹುಟ್ಟಿನಿಂದ ಕೆಟ್ಟದ್ದಲ್ಲ. ಮಗಳ ಮದುವೆ, ಮಗನ ಫೀಸು, ಗೊಬ್ಬರದ ಸಾಲ ಇರುವವನಿಗೆ ಬೆಲೆ ಮೊದಲೇ ಗೊತ್ತಿರುವುದು ದೊಡ್ಡ ಸಮಾಧಾನ.

ಆದರೆ 2023-24ರಲ್ಲಿ ಏನಾಯಿತು ನೋಡಿ. ಬೆಲೆ ಏರುವ ಮುಂಚೆಯೇ ಬೀಜ ಮಾರಿ ಆಗಿತ್ತು. ಆಮೇಲೆ ಪೇಟೆ ನಾಲ್ಕು ಪಟ್ಟು ಏರಿದರೂ ಸರಕಾರದ ಕೈಗೆ ಬಂದದ್ದು ಹಳೆಯ ಬೆಲೆಯೇ. ಘಾನಾದ ಕಥೆ ಇನ್ನೂ ಕಷ್ಟದ್ದು. 2020-21ರಲ್ಲಿ 10 ಲಕ್ಷ ಟನ್ ದಾಟಿದ್ದ ಅದರ ಬೆಳೆ ಮೂರೇ ವರ್ಷದಲ್ಲಿ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯಿತು. ಮಾರಿದ್ದಷ್ಟು ಬೀಜವೇ ಕೈಯಲ್ಲಿಲ್ಲ. ಹಳೆಯ ಬೆಲೆಯ ಆ ಬಾಕಿಯನ್ನು ಮುಂದಿನ ಹಂಗಾಮಿಗೆ ದಾಟಿಸಬೇಕಾಯಿತು. ಅಂದರೆ ಮರುವರ್ಷದ ಫಸಲಿನಲ್ಲೂ ಒಂದಷ್ಟು ಹೋದದ್ದು ಹಳೆಯ ಅಗ್ಗದ ಬೆಲೆಗೇ. ಮೂರು ದಶಕದಿಂದ ಪ್ರತಿ ವರ್ಷ ವಿದೇಶಿ ಬ್ಯಾಂಕುಗಳ ಕೂಟದಿಂದ ಖರೀದಿಗೆ ಸಾಲ ಎತ್ತುತ್ತಿದ್ದ ಕೊಕೊಬಾಡ್ 2024-25ರಲ್ಲಿ ಅದನ್ನೂ ನಿಲ್ಲಿಸಿತು. ಗಡಿಯಾಚೆ ಬೆಲೆ ಜಾಸ್ತಿ ಇದ್ದಲ್ಲಿಗೆ ಬೀಜ ಕದ್ದು ಸಾಗಿತು. ಘಾನಾದಿಂದ ಟೋಗೊಗೆ, ಐವರಿ ಕೋಸ್ಟಿನಿಂದ ಗಿನಿ, ಲೈಬೀರಿಯಾಗಳಿಗೆ.

ಆಮೇಲೆ ಇಳಿತ. ಎರಡೂ ದೇಶಗಳು ಏರಿದ ಪೇಟೆಯನ್ನು ನೋಡಿ ರೈತನ ಬೆಲೆ ಏರಿಸಿದವು. ಐವರಿ ಕೋಸ್ಟಿನಲ್ಲಿ 2,800 ಫ್ರಾಂಕ್ ಸಾರಿದ್ದು 2025ರ ಅಕ್ಟೋಬರ್ 1ರಂದು. ಅಧ್ಯಕ್ಷರ ಚುನಾವಣೆ ಇದ್ದದ್ದು ಅದೇ ತಿಂಗಳ 25ಕ್ಕೆ. ಬೆಲೆಯಲ್ಲಿ ಪೇಟೆಯ ಲೆಕ್ಕ ಎಷ್ಟು, ಮತದ ಲೆಕ್ಕ ಎಷ್ಟು ಎಂದು ಓದುಗರೇ ತೂಗಿ ನೋಡಬಹುದು. ಘಾನಾ ತನ್ನ ಹಣದಲ್ಲಿ ಟನ್ನಿಗೆ 58,000 ಸೆಡಿ ಎಂದಿತು. ಅಷ್ಟರಲ್ಲಿ ಮಳೆ ಸರಿಯಾಗಿ ಬಂತು. ಈಕ್ವೆಡಾರಿನಲ್ಲಿ ಬೆಳೆ ಹೆಚ್ಚಿತು. ದುಬಾರಿ ಬೀಜಕ್ಕೆ ಬೇಸತ್ತ ಕಂಪನಿಗಳು ಚಾಕೊಲೇಟಿನ ಗಾತ್ರ ಕುಗ್ಗಿಸಿದವು, ಕೊಕ್ಕೋ ಬೆಣ್ಣೆಯ ಬದಲು ಬೇರೆ ಕೊಬ್ಬು ಹಾಕಿದವು. ಬೇಡಿಕೆ ಇಳಿಯಿತು, ಬೆಲೆಯೂ ಇಳಿಯಿತು. ಸಾಲದ್ದಕ್ಕೆ 2025ರಲ್ಲಿ ಘಾನಾದ ಸೆಡಿ ಡಾಲರಿನೆದುರು ಬಲವಾಯಿತು. ಊರಿಗೆ ಇದು ಒಳ್ಳೆಯ ಸುದ್ದಿ. ಕೊಕ್ಕೋ ಮಾರುವವನಿಗೆ ಅಲ್ಲ, ಯಾಕೆಂದರೆ ಅದೇ ಡಾಲರಿಗೆ ಈಗ ಕಡಿಮೆ ಸೆಡಿ. ಬೀಜ ಕೊಟ್ಟ ರೈತರು ತಿಂಗಳುಗಟ್ಟಲೆ ದುಡ್ಡಿಗೆ ಕಾದರು. 2026ರ ಫೆಬ್ರುವರಿಯಲ್ಲಿ, ಹಂಗಾಮಿನ ನಡುವೆಯೇ, ಘಾನಾ ಸರಕಾರ ರೈತನ ಬೆಲೆಯನ್ನು ಸುಮಾರು 41,000 ಸೆಡಿಗೆ ಇಳಿಸಿತು. ಹಂಗಾಮಿನ ನಡುವೆ ಬೆಲೆ ಇಳಿಯುವುದಿಲ್ಲ ಎಂಬುದೇ ಆ ಪದ್ಧತಿಯ ಜೀವಾಳ ಆಗಿತ್ತು.

ಇದು ಮೊದಲ ಸಲವೂ ಅಲ್ಲ. 1988ರಲ್ಲಿ ಪೇಟೆ ಬಿದ್ದಾಗ ಊಫ್ವೆ-ಬ್ವಾನ್ಯಿ ಬೀಜ ಹೊರಗೆ ಬಿಡದೆ ಜಗತ್ತಿನೊಂದಿಗೆ ಹಗ್ಗಜಗ್ಗಾಟಕ್ಕೆ ಇಳಿದರು. ಬೆಲೆ ಏರಲಿಲ್ಲ. ಕೊನೆಗೆ 1989ರಲ್ಲಿ ರೈತನ ಬೆಲೆಯನ್ನು 400 ಫ್ರಾಂಕಿನಿಂದ 200ಕ್ಕೆ ಇಳಿಸಬೇಕಾಯಿತು. ಎರಡು ದೇಶಗಳು ಒಟ್ಟಾಗಿ 2019ರಲ್ಲಿ ಇನ್ನೊಂದು ದಾರಿ ಹಿಡಿದವು: ಪೇಟೆಯ ಬೆಲೆಯ ಮೇಲೆ ಟನ್ನಿಗೆ 400 ಡಾಲರ್ ಜಾಸ್ತಿ ಕೊಡಿ, ಅದು ರೈತನ ಬದುಕಿಗೆ. ಕಂಪನಿಗಳು ಒಪ್ಪಿದವು. ಆದರೆ ಬೀಜದ ಗುಣಮಟ್ಟಕ್ಕೆಂದು ಹಿಂದಿನಿಂದ ಕೊಡುತ್ತಿದ್ದ ಇನ್ನೊಂದು ಹೆಚ್ಚುವರಿ ಇಳಿದು, ಈ ಕೈಯಲ್ಲಿ ಕೊಟ್ಟದ್ದು ಆ ಕೈಯಲ್ಲಿ ಹೋಯಿತು. ಜಗತ್ತಿನ ಅರ್ಧಕ್ಕಿಂತ ಜಾಸ್ತಿ ಕೊಕ್ಕೋ ಇವರ ಕೈಯಲ್ಲಿದೆ, ಆದರೂ ಬೆಲೆ ಕಟ್ಟುವ ಶಕ್ತಿ ಇಲ್ಲ. ಪೆಟ್ರೋಲನ್ನು ನೆಲದಡಿ ಬಿಟ್ಟು ಕಾಯಬಹುದು. ಕೊಕ್ಕೋ ಕಾಯಿ ಮರದಲ್ಲಿ ಕಾಯುವುದಿಲ್ಲ, ಆ ಬಿಸಿಲು ಮಳೆಯಲ್ಲಿ ಗೋಣಿಯೊಳಗಿನ ಬೀಜಕ್ಕೂ ಬೂಷ್ಟು ಹಿಡಿಯುತ್ತದೆ.

ಮರ ಕಡಿಯುವವರು

ಕಾಡು ಮುಗಿದದ್ದು ಬೆಲೆಯಲ್ಲಿ ಹೇಗೆ ಕಾಣುತ್ತದೆ? ಮೊದಲು ರೋಗದಲ್ಲಿ. 'ಸ್ವೋಲನ್ ಶೂಟ್' ಎಂಬ ವೈರಸ್ ರೋಗದಲ್ಲಿ ಗಿಡದ ಚಿಗುರೂ ಬೇರೂ ಊದಿಕೊಳ್ಳುತ್ತವೆ, ಎಲೆ ಕೆಂಪು ನರ ಬಿಡುತ್ತದೆ, ಕೆಲವೇ ವರ್ಷದಲ್ಲಿ ಮರ ಸಾಯುತ್ತದೆ. ಹರಡುವುದು ಹಿಟ್ಟು ತಿಗಣೆ. ಮದ್ದಿಲ್ಲ. ರೋಗ ಬಂದ ಮರವನ್ನೂ ಅದರ ಸುತ್ತಲಿನದನ್ನೂ ಕಡಿಯುವುದೊಂದೇ ದಾರಿ. 1936ರಲ್ಲಿ ಮೊದಲು ಕಂಡದ್ದು ಘಾನಾದಲ್ಲೇ. 1940ರ ದಶಕದಲ್ಲಿ ಬ್ರಿಟಿಷರು ಬಲವಂತವಾಗಿ ಮರ ಕಡಿಸಿದರು. ಕಾಯಿ ತುಂಬಿದ ಮರವನ್ನು ಸರಕಾರದ ಆಳು ಬಂದು ಕಡಿದರೆ ಯಾರಿಗೆ ತಾನೇ ತಡೆಯುತ್ತದೆ? 1948ರ ಅಕ್ರಾ ಗಲಭೆಗಳಿಗೆ ಈ ಸಿಟ್ಟೂ ಒಂದು ಕಾರಣ ಎಂದು ಅಂದಿನ ವಿಚಾರಣಾ ಆಯೋಗವೇ ಬರೆಯಿತು. ಆ ಗಲಭೆಯಿಂದ ಶುರುವಾದ ದಾರಿ 1957ರಲ್ಲಿ ಸ್ವಾತಂತ್ರ್ಯಕ್ಕೆ ಮುಟ್ಟಿತು. ಇವತ್ತು ಘಾನಾದಲ್ಲಿ ಲಕ್ಷಗಟ್ಟಲೆ ಹೆಕ್ಟೇರಿನಲ್ಲಿ ಅದೇ ರೋಗ ಇದೆ. ಮುದಿ ಮರ, ಸೋತ ಮಣ್ಣು, ನಡುವೆ ತಡೆಯಾಗಿ ನಿಲ್ಲಲು ಕಾಡಿಲ್ಲದೆ ಒಂದಕ್ಕೊಂದು ತಾಗಿಕೊಂಡ ತೋಟಗಳು. ತಿಗಣೆಗೆ ಇನ್ನೇನು ಬೇಕು? ಮಳೆ ಜಾಸ್ತಿಯಾದ ವರ್ಷ ಕಾಯಿ ಕಪ್ಪಾಗಿ ಕೊಳೆಯುವ ರೋಗ ಬೇರೆ. ಅದನ್ನು ತರುವುದು ಫೈಟಾಫ್ತರ, ನಮ್ಮ ಅಡಿಕೆಯ ಕೊಳೆರೋಗದ ಅದೇ ಕುಲದ್ದು. ಬೋರ್ಡೋ ಸಿಂಪಡಿಸಿ ಕೈ ನೀಲಿಯಾದವರಿಗೆ ಆ ರೈತನ ಮಳೆಗಾಲ ಅರ್ಥವಾಗುತ್ತದೆ.

ಎರಡನೆಯದು ಚಿನ್ನ. ಘಾನಾದ ಕೊಕ್ಕೋ ನೆಲದ ಅಡಿಯಲ್ಲಿ ಚಿನ್ನ ಇದೆ. ಅಕ್ರಮವಾಗಿ ತೋಡುವುದಕ್ಕೆ ಅಲ್ಲಿ 'ಗಲಾಮ್ಸಿ' ಎನ್ನುತ್ತಾರೆ. 2025ರ ಅಕ್ಟೋಬರಿನಲ್ಲಿ ಚಿನ್ನ ಔನ್ಸಿಗೆ 4,000 ಡಾಲರ್ ದಾಟಿತು. ಹೆಕ್ಟೇರಿಗೆ 400-500 ಕಿಲೋ ಕೊಡುವ ಮುದಿ ತೋಟದ ಒಡೆಯನ ಬಳಿ ಒಬ್ಬ ಬಂದು, ಒಂದೇ ಸಲಕ್ಕೆ ಇಷ್ಟು ದುಡ್ಡು, ಜಾಗ ಬಿಡು ಎನ್ನುತ್ತಾನೆ. ಹಿಟಾಚಿ ಬಂದು ಮರ ಉರುಳಿಸುತ್ತದೆ, ಮಣ್ಣು ಮಗುಚುತ್ತದೆ. ದುಡ್ಡು ಹೋಗುವುದು ಭೂಮಿಯ ಒಡೆಯನಿಗೆ. ಪಾಲಿಗೆ ದುಡಿಯುವವನಿಗೆ ಏನೂ ಇಲ್ಲ. ಪ್ರಾ, ಅಂಕೋಬ್ರಾ, ಬಿರಿಮ್ ನದಿಗಳು ಕೆಂಪು ಕೆಸರಾಗಿ, ಪಾದರಸ ಸೇರಿ ಹರಿಯುತ್ತಿವೆ. ಆ ಗುಂಡಿಯಲ್ಲಿ ಮತ್ತೆ ಕೊಕ್ಕೋ ಬೆಳೆಯುವುದು ಒಂದು ತಲೆಮಾರಿಗೂ ಕಷ್ಟ.

ಮೂರನೆಯದು ಮಕ್ಕಳು. ಷಿಕಾಗೊ ವಿಶ್ವವಿದ್ಯಾಲಯದ ಸಂಶೋಧನಾ ಸಂಸ್ಥೆಯೊಂದು 2020ರಲ್ಲಿ ಕೊಟ್ಟ ಲೆಕ್ಕದಂತೆ ಈ ಎರಡು ದೇಶಗಳ ಕೊಕ್ಕೋ ನಾಡಿನಲ್ಲಿ 15.6 ಲಕ್ಷ ಮಕ್ಕಳು ಕೊಕ್ಕೋ ಕೆಲಸದಲ್ಲಿ ಬಾಲಕಾರ್ಮಿಕರು. ಅದನ್ನು ನಿಲ್ಲಿಸುತ್ತೇವೆಂದು ಚಾಕೊಲೇಟ್ ಉದ್ಯಮ ಸಹಿ ಹಾಕಿದ್ದು 2001ರಲ್ಲಿ. ಮಕ್ಕಳಲ್ಲಿ ಹೆಚ್ಚಿನವರು ಮನೆಯ ತೋಟದಲ್ಲೇ ದುಡಿಯುವವರು. ಕತ್ತಿ ಹಿಡಿದು, ಭಾರ ಹೊತ್ತು, ಮದ್ದು ಹೊಡೆಯುವಾಗ ಪಕ್ಕದಲ್ಲಿ ನಿಂತು. ಕಾಡಿನ ಪುಕ್ಕಟೆ ಕಸುವು ಮುಗಿದ ಮೇಲೆ ಅದೇ ಬೆಲೆಗೆ ಬೀಜ ಕೊಡಬೇಕಾದರೆ ಇನ್ನೊಂದು ಪುಕ್ಕಟೆ ಬೇಕು. ಅದು ಮನೆಮಂದಿಯ ಬೆವರು.

ಈಗ ಯುರೋಪ್ ಒಂದು ಕಾನೂನು ತಂದಿದೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲದಲ್ಲಿ ಬೆಳೆದ ಕೊಕ್ಕೋ, ಕಾಫಿ, ರಬ್ಬರ್, ತಾಳೆ ಎಣ್ಣೆ, ಸೋಯಾ, ಮರ, ದನದ ಮಾಂಸ, ಯಾವುದೂ ಅಲ್ಲಿಗೆ ಹೋಗುವಂತಿಲ್ಲ. ಪ್ರತಿ ತೋಟದ ಜಾಗವನ್ನು ಉಪಗ್ರಹದ ಗುರುತಿನ ಸಮೇತ ತೋರಿಸಬೇಕು. ಕೊಡಗು, ಚಿಕ್ಕಮಗಳೂರಿನ ಕಾಫಿ ಬೆಳೆಗಾರರೂ ಇದರ ಹೆಸರು ಕೇಳಿಯೇ ಇರುತ್ತಾರೆ. 2024ರ ಕೊನೆಗೆ ಜಾರಿಯಾಗಬೇಕಿತ್ತು. ಎರಡು ಸಲ ಮುಂದೂಡಿ ಈಗ 2026ರ ಡಿಸೆಂಬರಿಗೆ ಬಂದು ನಿಂತಿದೆ. ಘಾನಾ, ಐವರಿ ಕೋಸ್ಟ್ ಎರಡೂ ಲಕ್ಷಗಟ್ಟಲೆ ತೋಟಗಳ ನಕ್ಷೆ ತೆಗೆದು, ರೈತರಿಗೆ ಗುರುತಿನ ಕಾರ್ಡ್ ಕೊಟ್ಟು ತಯಾರಾಗುತ್ತಾ ಬಂದಿವೆ. ಕಾನೂನಿನ ಉದ್ದೇಶವನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ನೂರು ವರ್ಷ ಆ ಕಾಡಿನ ಅಗ್ಗದ ಬೀಜ ತಿಂದವರು, ಕಾಡು ಮುಗಿದ ಮೇಲೆ ಬಾಗಿಲಲ್ಲಿ ನಿಂತು ರೈತನ ಕಾಗದಪತ್ರ ಕೇಳುತ್ತಿದ್ದಾರೆ. ನಕ್ಷೆಯ ಖರ್ಚು ಯಾರದ್ದು, ಪರಭಾರೆಯಾದ ಹಳೆಯ ಭೂಮಿಗೆ ಕಾಗದವೇ ಇಲ್ಲದವನ ಗತಿ ಏನು ಎಂಬುದಕ್ಕೆ ಬೀಜದ ಬೆಲೆಯಲ್ಲಿ ಜಾಗ ಇಟ್ಟಿಲ್ಲ. ಒಂದು ಚಾಕೊಲೇಟಿನ ಬೆಲೆಯಲ್ಲಿ ರೈತನಿಗೆ ಸೇರುವುದು ನೂರಕ್ಕೆ ಸುಮಾರು ಆರು ಎಂಬ ಲೆಕ್ಕ ಬಹಳ ಕಾಲದಿಂದ ಚಾಲ್ತಿಯಲ್ಲಿದೆ.

ಕಾಡಿಲ್ಲದ ನೆಲದಲ್ಲಿ ಕೊಕ್ಕೋ ಬೆಳೆಯಲು ಆಗುವುದಿಲ್ಲ ಎಂದಲ್ಲ. ಆಗುತ್ತದೆ. ಪುತ್ತೂರಿನ ಅಡಿಕೆ ತೋಟದಲ್ಲಿ ಆಗುತ್ತಿಲ್ವಾ? ಗೊಬ್ಬರ ಹಾಕಿ, ಸವರಿ, ನೀರು ಕೊಟ್ಟು, ಕ್ಯಾಂಪ್ಕೋದಂಥ ಬೆಳೆಗಾರರದ್ದೇ ಸಹಕಾರಿ ಸಂಸ್ಥೆ ಬೀಜ ಕೊಂಡು ಅಲ್ಲೇ ಪಕ್ಕದಲ್ಲಿ 1986ರಿಂದ ಚಾಕೊಲೇಟ್ ಮಾಡುತ್ತಾ ಬಂದಿದೆ. ಆದರೆ ಇಲ್ಲಿ ಮನೆ ನಡೆಯುವುದು ಅಡಿಕೆಯಲ್ಲಿ. ಕೊಕ್ಕೋ ಬಂದರೆ ಬಂತು. ಘಾನಾದ ಸಣ್ಣ ರೈತನಿಗೆ ಕೊಕ್ಕೋ ಒಂದೇ.

ರೋಗದ ಮರ ಕಡಿಸಿದ ತೋಟದಲ್ಲಿ ಹೊಸ ಗಿಡ ನೆಟ್ಟರೆ ಕಾಯಿ ಕಾಣಲು ಮೂರು ನಾಲ್ಕು ವರ್ಷ ಬೇಕು. 2026ರ ಮಳೆಗೆ ನೆಟ್ಟದ್ದು 2029-30ರಲ್ಲಿ. ಮೊದಲೆಲ್ಲ ಎಳೆ ಗಿಡಕ್ಕೆ ಕಾಡಿನ ಮರದ ನೆರಳು ಸಾಕಾಗುತ್ತಿತ್ತು. ಈಗ ಬಟಾಬಯಲು. ಅದಕ್ಕೆ ಮೊದಲು ಸಾಲಾಗಿ ಬಾಳೆ ನೆಡುತ್ತಾರೆ, ನಡುವೆ ಕೆಸುವು. ಡಿಸೆಂಬರಿನಲ್ಲಿ ಸಹಾರಾದಿಂದ ಹರ್ಮಟ್ಟಾನ್ ಗಾಳಿ ಬೀಸುತ್ತದೆ, ಧೂಳು ತುಂಬಿದ ಒಣ ಗಾಳಿ, ತುಟಿ ಒಡೆಯುವಂಥದ್ದು. ಆ ಗಾಳಿಗೆ ಎಳೆ ಗಿಡ ಒಣಗದಂತೆ ಕಾಯುವುದು ಆ ಬಾಳೆಯೇ. ಅದರ ಗೊನೆ ಮಾರಿ ಬಂದ ದುಡ್ಡಿನಲ್ಲೇ ಆ ಮೂರು ವರ್ಷ ಮನೆ ನಡೆಯಬೇಕು.